ಅಳಿಯನಿಗೊಂದು ರೇಡಿಯೋ

ನಮ್ಮ ಐ.ಡಿ.ಹಳ್ಳಿಯ ಕಡೆ ಆಕಾಶ ನೋಡುವುದು ಎಲ್ಲರಿಗೂ ಅಭ್ಯಾಸ. ಆದರೆ ಅದು ಮೋಡಕ್ಕಾಗಿ, ವಿಮಾನಕ್ಕಾಗಿ ಅಲ್ಲ. ಹೀಗಿರುವಾಗ ಬೆಂಗಳೂರಿನಿಂದ ಬಂದ ನನ್ನ ಸೋದರಳಿಯ ಜಗಲಿಯ ಮೇಲೆ ಕುಳಿತು, "ಮಾವ, ಸಣ್ಣ ವಿಮಾನಕ್ಕೆ ಕೈಯಲ್ಲಿ ಹಿಡಿಯೋ ರೇಡಿಯೋ ತಗೋಬೇಕು. ಯಾವುದು ಒಳ್ಳೇದು?" ಎಂದು ಕೇಳಿದಾಗ ನನಗೆ ನಗು ಬಂತು. ಯಾಕೆ ಬೇಕಾಯಿತೆಂದು ಅವನು ಹೇಳಿದ ಮೇಲೆ ನಗು ನಿಂತಿತು.

ಅವನು ನನ್ನನ್ನೇ ಕೇಳಿದ್ದಕ್ಕೆ ಕಾರಣವಿದೆ. ಮಧುಗಿರಿಯಲ್ಲಿ ಮೂವತ್ತು ವರ್ಷ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವನು ನಾನು. ಆ ಹುಚ್ಚು ಹತ್ತಿದ್ದು ನಮ್ಮಪ್ಪನ ವಾಲ್ವ್ ಸೆಟ್ಟಿನಿಂದ. ಸೆಟ್ಟಿನ ಜೊತೆಗೊಂದು ಲೈಸೆನ್ಸ್ ಪುಸ್ತಕವೂ ಇತ್ತು. ವರ್ಷಕ್ಕೊಮ್ಮೆ ಅಪ್ಪ ಅದನ್ನು ಹಿಡಿದು ಪೋಸ್ಟಾಫೀಸಿಗೆ ಹೋಗಿ ಹಣ ಕಟ್ಟಿ ಬರುತ್ತಿದ್ದರು. ಹಾಡು ಕೇಳುವುದಕ್ಕೂ ಸರ್ಕಾರದ ಅಪ್ಪಣೆ ಬೇಕಿದ್ದ ಕಾಲ ಅದು. 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಕಾಯ್ದೆ ಎರಡೂ ಆ ಪುಟ್ಟ ಪುಸ್ತಕದ ಹಿಂದೆ ನಿಂತಿದ್ದವು. ಎಂಬತ್ತರ ದಶಕದಲ್ಲಿ ಮನೆ ರೇಡಿಯೋಗೆ ಆ ಕಟ್ಟುಪಾಡು ಹೋಯಿತು. ವಿಮಾನದ ರೇಡಿಯೋಗೆ ಹೋಗಲಿಲ್ಲ.

ಅಳಿಯ ಹೇಳಿದ್ದು ಇಷ್ಟು. ಅವನೂ ಇಬ್ಬರು ಗೆಳೆಯರೂ ಸೇರಿ ಹಾರಿಸುತ್ತಿದ್ದುದು ಬಟ್ಟೆಯ ರೆಕ್ಕೆಯ, ಇಬ್ಬರು ಕೂರುವ ಹಗುರ ವಿಮಾನ. ಅದಕ್ಕೊಂದು ಹಳೆಯ ಕೈರೇಡಿಯೋ. ಒಂದು ಸಂಜೆ ಇಳಿಯಲು ಅನುಮತಿ ಕೇಳಬೇಕೆಂದು ಗುಂಡಿ ಒತ್ತಿದ. ಉತ್ತರವಿಲ್ಲ. ಮತ್ತೆ ಒತ್ತಿದ, ಇಲ್ಲ. ವಿಚಿತ್ರವೆಂದರೆ ಬೇರೆ ವಿಮಾನಗಳ ಮಾತು ಇವನಿಗೆ ಸ್ಪಷ್ಟವಾಗಿ ಕೇಳುತ್ತಿದೆ! ಇವನ ಮಾತು ಮಾತ್ರ ಯಾರಿಗೂ ಕೇಳುತ್ತಿಲ್ಲ. ಸೂರ್ಯ ಇಳಿಯುತ್ತಿದ್ದಾನೆ, ಪೆಟ್ರೋಲೂ ಇಳಿಯುತ್ತಿದೆ. ಮೈದಾನಕ್ಕೆ ಸುತ್ತು ಹಾಕುತ್ತ ಕಾದ. ಕೊನೆಗೆ ಗೋಪುರದಿಂದ ಅಲುಗದ ಹಸಿರು ದೀಪ ಕಂಡಿತು. ಇಳಿಯಬಹುದೆಂದು ಅದರ ಅರ್ಥ. ರೇಡಿಯೋ ಕೈಕೊಟ್ಟಾಗ ಇಂದಿಗೂ ಕಾಯುವುದು ಆ ದೀಪದ ಭಾಷೆಯೇ.

"ಬ್ಯಾಟರಿ ಕಣೋ," ಎಂದೆ. ಕೇಳುವುದಕ್ಕೆ ರೇಡಿಯೋಗೆ ಗುಟುಕು ವಿದ್ಯುತ್ತು ಸಾಕು. ಮಾತು ಕಳಿಸಲು ಅದರ ಹಲವು ಪಟ್ಟು ಬೇಕು. ಮುದಿ ಬ್ಯಾಟರಿ ಕಿವಿ ಉಳಿಸಿಕೊಂಡು ಬಾಯಿ ಕಳೆದುಕೊಳ್ಳುತ್ತದೆ. ಅಂಗಡಿಯಲ್ಲಿ ಇಂಥ ಸೆಟ್ಟು ನಾನು ಕಂಡಿರಲಿಲ್ಲ, ಆದರೆ ಇಂಥ ಬ್ಯಾಟರಿಗಳನ್ನು ಬೇಕಾದಷ್ಟು ಕಂಡಿದ್ದೆ.

ಆಮೇಲೆ ಒಂದು ವಾರ ನಾನು ಈ ವಿದ್ಯೆಯನ್ನು ಓದಿದೆ. ವಿಮಾನಗಳು ಮಾತಾಡುವ ಜಾಗ 118ರಿಂದ 137 ಮೆಗಾಹರ್ಟ್ಸ್, ನಮ್ಮ ಎಫ್.ಎಂ. ಹಾಡುಗಳಿಗಿಂತ ಒಂದು ಮೆಟ್ಟಿಲು ಮೇಲೆ. ಆಪತ್ತಿಗೆಂದೇ ಮೀಸಲಿಟ್ಟದ್ದು 121.5. ಆಪತ್ತಿನಲ್ಲಿ ಕೂಗುವ 'ಮೇಡೇ' ಎಂಬ ಮಾತಿಗೂ ಒಂದು ಕಥೆಯಿದೆ. ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದಲ್ಲಿ ರೇಡಿಯೋ ಅಧಿಕಾರಿಯಾಗಿದ್ದ ಮಾಕ್‌ಫರ್ಡ್ 1920ರ ದಶಕದ ಆರಂಭದಲ್ಲಿ ಅದನ್ನು ಸೂಚಿಸಿದ. ಅಲ್ಲಿಂದ ವಿಮಾನಗಳು ಹೆಚ್ಚಾಗಿ ಪ್ಯಾರಿಸ್ಸಿಗೆ ಹೋಗಿಬರುತ್ತಿದ್ದುದರಿಂದ, 'ನನಗೆ ಸಹಾಯ ಮಾಡಿ' ಎಂಬ ಫ್ರೆಂಚ್ ಮಾತಿನ ದನಿಯನ್ನೇ ಹಿಡಿದ.

ನನಗೆ ಸೋಜಿಗವಾದದ್ದು ಇನ್ನೊಂದು. ಈ ರೇಡಿಯೋಗಳು ಇಂದಿಗೂ ಎ.ಎಂ.ನಲ್ಲೇ ಮಾತಾಡುತ್ತವೆ, ನಮ್ಮಪ್ಪನ ಸೆಟ್ಟಿನ ಹಾಗೆ! ಎಫ್.ಎಂ.ನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಜೋರಿನವನು ಗೆಲ್ಲುತ್ತಾನೆ, ಕ್ಷೀಣ ದನಿಯವನು ಅಲ್ಲಿದ್ದನೆಂಬುದೇ ತಿಳಿಯುವುದಿಲ್ಲ. ಎ.ಎಂ.ನಲ್ಲಾದರೆ ಎರಡು ದನಿ ಬೆರೆತು ಕುಯ್‌ ಎನ್ನುತ್ತದೆ. ರಾತ್ರಿ ಮೀಡಿಯಂ ವೇವ್‌ನಲ್ಲಿ ಎರಡು ಸ್ಟೇಷನ್ ಒಂದರ ಮೇಲೊಂದು ಬಿದ್ದಾಗ ನೀವೂ ಆ ಸದ್ದು ಕೇಳಿರುತ್ತೀರಿ. ಇನ್ನೊಬ್ಬನೂ ಕೂಗುತ್ತಿದ್ದಾನೆ ಎಂಬುದಾದರೂ ಗೊತ್ತಾಗುತ್ತದೆ. ಜೊತೆಗೆ, ಲೋಕದ ವಿಮಾನಗಳೆಲ್ಲ ಒಂದೇ ಬಗೆಯಲ್ಲಿ ಮಾತಾಡಬೇಕಾದ್ದರಿಂದ ಹಳೆಯದನ್ನು ಬಿಡುವುದೂ ಸುಲಭವಲ್ಲ.

1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ನಮಗೆ ಬಂದದ್ದು ಅಲ್ಲಿಂದ. ಅವರ ಪ್ರಸಾರ ಯಂತ್ರದ ಶಕ್ತಿ 30 ವಾಟ್. ಅಳಿಯ ತಂದ ಕೈರೇಡಿಯೋದ ಪತ್ರಿಕೆಯಲ್ಲಿ 5 ವಾಟ್ ಎಂದಿತ್ತು. ಅದೂ ಮಾತಿನ ಏರುದನಿಯ ಲೆಕ್ಕ. ಸುಮ್ಮನೆ ಗುಂಡಿ ಒತ್ತಿ ಹಿಡಿದರೆ ಹೊರಡುವುದು ಒಂದೂವರೆ ವಾಟಿನಷ್ಟು. ಸಾಕೇ? ಸಾಕು. ಈ ಅಲೆಗಳಿಗೆ ಬಲಕ್ಕಿಂತ ಎತ್ತರ ಮುಖ್ಯ. ಕಣ್ಣಿಗೆ ಹೇಗೋ ಅವಕ್ಕೂ ಹಾಗೆಯೇ, ದಿಗಂತದಾಚೆ ದಾರಿಯಿಲ್ಲ. ನೆಲದಿಂದ 300 ಮೀಟರ್ ಮೇಲಿದ್ದರೆ ಸುಮಾರು 70 ಕಿಲೋಮೀಟರ್ ದಿಗಂತ; 10,000 ಮೀಟರ್ ಮೇಲಿದ್ದರೆ 400 ದಾಟುತ್ತದೆ. ನಮ್ಮೂರ ಹೊಲದಲ್ಲಿ ನಿಂತವನಿಗೆ ಬೆಂಗಳೂರಿನ ಜಕ್ಕೂರು ಗೋಪುರದ ಮಾತು ತಲುಪದು, ತಲೆಯ ಮೇಲೆ ಹೋಗುವ ದೊಡ್ಡ ವಿಮಾನದ ಮಾತು ತಲುಪೀತು.

ಪತ್ರಿಕೆಗಳನ್ನು ಹರಡಿಕೊಂಡು ಕುಳಿತೆವು. ಐಕಾಂ, ಯೇಸು ಎಂಬ ಜಪಾನಿ ಹೆಸರುಗಳು. ಅಳಿಯನ ಕಣ್ಣು ದಾರಿ ತೋರಿಸುವ, ನಕ್ಷತ್ರದಷ್ಟು ಗುಂಡಿಗಳಿರುವ ಸೆಟ್ಟಿನ ಮೇಲೆ. "ದಾರಿಗೆ ನಿನ್ನ ಹತ್ತಿರ ಬೇರೆ ಉಪಕರಣ ಇದೆಯಲ್ಲ? ಹಾಗಾದರೆ ಇದು ಮಾತಾಡಿದರೆ ಸಾಕು," ಎಂದೆ. ನಾನು ಕೇಳಿದ ಪ್ರಶ್ನೆಗಳು ಹಳೆಯ ರಿಪೇರಿಯವನವು. ಚಾರ್ಜಿನ ಬ್ಯಾಟರಿ ಸತ್ತರೆ ಅಂಗಡಿಯಲ್ಲಿ ಸಿಗುವ ಪೆನ್ ಸೆಲ್ ಹಾಕಲು ಡಬ್ಬಿ ಇದೆಯೇ? ಕೈಚೀಲ ಹಾಕಿಕೊಂಡು ಗುಂಡಿ ತಿರುಗಿಸಬಹುದೇ? ಬಿಸಿಲಲ್ಲಿ ಅಂಕಿ ಕಾಣುತ್ತದೆಯೇ? ತಲೆಗೆ ಹಾಕುವ ಹೆಡ್‌ಸೆಟ್ ಸಿಕ್ಕಿಸಲು ಅಡಾಪ್ಟರ್ ಉಂಟೇ? ರಬ್ಬರ್ ಏರಿಯಲ್ ತೆಗೆದು ಹೊರಗಿನದನ್ನು ಜೋಡಿಸಬಹುದೇ? ಮಾತಾಡುವ ಗುಂಡಿ ಸಿಕ್ಕಿಕೊಂಡರೆ ತಾನೇ ನಿಲ್ಲುತ್ತದೆಯೇ? ಈ ಕೊನೆಯದು ಸಣ್ಣ ಮಾತಲ್ಲ. ಒಬ್ಬನ ಗುಂಡಿ ಸಿಕ್ಕಿಕೊಂಡರೆ ಆ ಕಂಪನಾಂಕದಲ್ಲಿದ್ದವರೆಲ್ಲರ ಬಾಯಿ ಕಟ್ಟಿದಂತೆ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಿದೆ. ಆಟೋರಿಕ್ಷಾ ಹತ್ತಿರ ಬಂದರೆ ಅಂಗಡಿಯ ರೇಡಿಯೋ ಪಟಪಟ ಎನ್ನುತ್ತಿದ್ದುದು ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ. ಎ.ಎಂ. ಆದ್ದರಿಂದ ಇಲ್ಲಿಯೂ ಅದೇ ಕಾಟ. ರೆಸಿಸ್ಟರ್ ಇರುವ ಪ್ಲಗ್ ಹಾಕಿಸು, ಎಂಜಿನ್ ಓಡಿಸಿ ನೆಲದ ಮೇಲೇ ಪರೀಕ್ಷೆ ಮಾಡು, ಆಮೇಲೆ ಹಾರು.

ಕೊನೆಗೆ ಗುಂಡಿ ಕಡಿಮೆ ಇರುವುದನ್ನೇ ಕೊಂಡ. ಕಾಗದಪತ್ರಕ್ಕೆ ಹಿಡಿದ ಕಾಲ ಆಯ್ಕೆಗೆ ಹಿಡಿಯಲಿಲ್ಲ. ಸೆಟ್ಟಿಗೊಂದು ಲೈಸೆನ್ಸ್, ಮಾತಾಡುವವನಿಗೆ ಆರ್.ಟಿ.ಆರ್. ಪರೀಕ್ಷೆ. ಗೊಣಗಿದ. "ನಿಮ್ಮ ತಾತ ಹಾಡು ಕೇಳೋದಕ್ಕೇ ಕ್ಯೂ ನಿಂತಿದ್ದರು," ಎಂದೆ.

ರೇಡಿಯೋ ಹಿಡಿದು ಊರಿಗೆ ಬಂದ ದಿನ ನನ್ನ ತಂಗಿ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು. ಮೆಗಾಹರ್ಟ್ಸ್, ವಾಟ್ ಯಾವುದನ್ನೂ ಕೇಳಲಿಲ್ಲ. "ಅಣ್ಣಾ, ಇವನು ಕೂಗಿದರೆ ಇನ್ನು ಯಾರಿಗಾದರೂ ಕೇಳಿಸುತ್ತಾ?" ಎಂದಳು. ಒಂದು ವಾರ ನಾನು ಓದಿದ್ದೆಲ್ಲ ಆ ಒಂದು ಪ್ರಶ್ನೆಯೊಳಗಿತ್ತು. ಕೇಳಿಸುತ್ತದೆ ಎಂದೆ, ಬ್ಯಾಟರಿ ನೋಡಿಕೊಂಡರೆ, ಎಂದೂ ಸೇರಿಸಿದೆ.

ಈಗ ಹಾರುವ ಹಿಂದಿನ ರಾತ್ರಿ ಅವನ ಫೋನು ತಪ್ಪುವುದಿಲ್ಲ. "ಮಾವ, ಚಾರ್ಜಿಗೆ ಹಾಕಿದ್ದೀನಿ." ನಾನು ತಂಗಿಗೆ ಹೇಳುತ್ತೇನೆ. ಅವಳು ದೀಪ ಆರಿಸಿ ಮಲಗುತ್ತಾಳೆ.