ಹೆಸರಿಲ್ಲದ ಮಾರಾಟಗಾರ: ಮಸ್ಕಿ ಬಂಡೆ, ವಿ.ಪಿ. ಪಾರ್ಸೆಲ್ ಮತ್ತು ನನ್ನ 1,850 ರೂಪಾಯಿ

ಇವತ್ತಿನ ಎಪಿಸೋಡ್ ಒಂದು ಸಣ್ಣ ಕಾರಿನಿಂದ ಶುರು ಆಗ್ತದ. ಸಣ್ಣದು ಅಂದ್ರ ಖರೇನೇ ಸಣ್ಣದು. 1:64 ಅಳತೆ, ಅಂದರೆ ಅಸಲಿ ಕಾರಿನ 64ನೇ ಒಂದು ಪಾಲು. ಅಂಗೈಯೊಳಗ ಕೂಡ್ತದ. ಹೋದ ವರ್ಷ ಅಂಥದೊಂದು ಡೈಕಾಸ್ಟ್ ಮಾಡಲ್‌ಗೆ ಸೋಶಿಯಲ್ ಮೀಡಿಯಾದ ಒಂದು ಪೇಜಿಗೆ 1,850 ರೂಪಾಯಿ ಪ್ರೀ-ಆರ್ಡರ್ ಹಣ ಕಳಿಸಿದೆ. 45 ದಿನ ಅಂದ್ರು. ಆಮೇಲೆ ಕಸ್ಟಮ್ಸ್‌ನಾಗ ಸಿಕ್ಕೊಂಡದ ಅಂದ್ರು. ಆಮೇಲೆ ಮನ್ಯಾಗ ಯಾರಿಗೋ ಹುಷಾರಿಲ್ಲ ಅಂದ್ರು. ಆರನೇ ತಿಂಗಳಿಗೆ ನನ್ನನ್ನು ಬ್ಲಾಕ್ ಮಾಡಿದ್ರು.

ಲಿಂಗಸೂಗೂರಿನ ನನ್ನ ದೋಸ್ತನ ಕಥೆ ಇನ್ನೂ ಚಂದ. ಅವನಿಗೆ ಕಾರು ಬಂತು. ಆದ್ರ ಫೋಟೋದಾಗ ಇದ್ದದ್ದು ಲಿಮಿಟೆಡ್ ಎಡಿಷನ್, ಬಂದದ್ದು ಸಾದಾ ಕಾರಿಗೆ ಬಣ್ಣ ಬಳಿದದ್ದು. ಉಗುರಿನಿಂದ ಕೆರೆದರೆ ಕೆಳಗೆ ಹಳೇ ಬಣ್ಣ! ನಮ್ಮ ಸಿಂಧನೂರಿನ ಫ್ಯಾನ್ಸಿ ಸ್ಟೋರುಗಳಲ್ಲಿ ಪುಲ್-ಬ್ಯಾಕ್ ಆಟೋ, ಅಂಬಾಸಿಡರ್ ಸಿಗ್ತಾವ. ಕಲೆಕ್ಟರ್ ಮಾಡಲ್ ಬೇಕು ಅಂದ್ರ ಫೋನೇ ಗತಿ. ಹಂಗಾಗಿ ಒಂದು ಪ್ರಶ್ನೆ ತಲೆಯೊಳಗ ಹೊಕ್ಕಿತು: ಮುಖ ನೋಡದ ವ್ಯಾಪಾರಿಗೆ ನಾವು ಯಾವಾಗಿಂದ ರೊಕ್ಕ ಕೊಡಾಕತ್ತೀವಿ? ನಮ್ಮ ಹಿಂದಿನವರು ಈ ಮೋಸವನ್ನ ಹೆಂಗ ತಡೀತಿದ್ರು?

ಮೊದಲು ಮುಖ ನೋಡಿ ಕೊಳ್ಳುವ ಕಾಲ. ಸಣ್ಣ ಗೊಂಬೆ ಸಂಗ್ರಹ ಅನ್ನೋದು ನಮ್ಮ ಕಡೆ ಹೊಸದೇನಲ್ಲ. ಕೊಪ್ಪಳದ ಹತ್ತಿರದ ಕಿನ್ನಾಳ ಈಗ ಬೇರೆ ಜಿಲ್ಲೆ ಅನಿಸಬಹುದು, ಆದರೆ 1997ರ ತನಕ ಕೊಪ್ಪಳ ನಮ್ಮ ರಾಯಚೂರು ಜಿಲ್ಲೆಯೊಳಗೇ ಇತ್ತು. ಅಲ್ಲಿನ ಚಿತ್ರಗಾರ ಮನೆತನಗಳು ಹಗುರ ಮರದಲ್ಲಿ ಗೊಂಬೆ ಕಡೆದು, ಹುಣಸೆ ಬೀಜದ ಸರಿ ಹಚ್ಚಿ ಮಟ್ಟ ಮಾಡಿ, ಮೇಲೆ ಬಣ್ಣ ಕೊಡುತ್ತವೆ. ಗೊಂಬೆ ಬಿರುಕು ಬಿಟ್ಟರೆ ಯಾರ ಮನೆಗೆ ಹೋಗಿ ಕೇಳಬೇಕು ಅನ್ನೋದು ಕೊಂಡವರಿಗೆ ಗೊತ್ತಿರುತ್ತಿತ್ತು. ಸಂತೆಯಲ್ಲೂ ಅಷ್ಟೇ. ಈ ವಾರ ಮೋಸ ಮಾಡಿದವನು ಮುಂದಿನ ವಾರ ಅದೇ ಜಾಗದಾಗ ಕೂಡಬೇಕಲ್ಲ.

ದೂರದಿಂದ ತರಿಸೋದು ಶುರುವಾದಾಗ ಈ ಹಿಡಿತ ತಪ್ಪಿತು. ಅದಕ್ಕೆ ಬ್ರಿಟಿಷ್ ಇಂಡಿಯಾದ ಅಂಚೆ ಇಲಾಖೆ ಒಂದು ಜಾಣ ಉಪಾಯ ಮಾಡಿತು. 1877ರಲ್ಲಿ ವಿ.ಪಿ.ಪಿ. ಬಂತು, ವ್ಯಾಲ್ಯೂ ಪೇಯಬಲ್ ಪೋಸ್ಟ್. ನಮ್ಮ ಅಜ್ಜಂದಿರ ಬಾಯಲ್ಲಿ ಬರೀ ‘ವಿ.ಪಿ.’. ವ್ಯಾಪಾರಿ ಪಾರ್ಸೆಲ್ ಕಳಿಸ್ತಾನ, ಅಂಚೆಯವನು ಮನೆ ಬಾಗಿಲಿಗೆ ತರ್ತಾನ, ನೀವು ದುಡ್ಡು ಕೊಟ್ಟು ಬಿಡಿಸ್ಕೊಳ್ತೀರಿ, ಆ ದುಡ್ಡು ವ್ಯಾಪಾರಿಗೆ ಹೋಗ್ತದ. ಗೊತ್ತಿಲ್ಲದ ಇಬ್ಬರ ನಡುವೆ ಇಬ್ಬರಿಗೂ ಗೊತ್ತಿರುವ ಮೂರನೆಯವನು ನಿಂತ. ಪುಸ್ತಕ, ಕೈಗಡಿಯಾರ, ಔಷಧಿ ಎಲ್ಲಾ ಹಿಂಗ ಬರ್ತಿದ್ದವು.

ಇದರಾಗೂ ಒಂದು ತೂತು ಇತ್ತು. ದುಡ್ಡು ಕೊಟ್ಟ ಮೇಲೆನೇ ಪಾರ್ಸೆಲ್ ಬಿಚ್ಚಬೇಕು. ಒಳಗೆ ಗಡಿಯಾರದ ಬದಲು ರದ್ದಿ ಇದ್ರ? ಸರ್ಕಾರಕ್ಕೂ ಇದು ಗೊತ್ತಿತ್ತು. 1898ರ ಅಂಚೆ ಕಚೇರಿ ಕಾಯ್ದೆಯಲ್ಲಿ ಇದಕ್ಕೆ ಜಾಗ ಇತ್ತು: ಮೋಸದ ಪ್ರಕರಣಗಳಲ್ಲಿ ವಿ.ಪಿ. ಹಣವನ್ನು ತಡೆಹಿಡಿದು, ಕೊಂಡವರಿಗೆ ವಾಪಸ್ ಕೊಡಲು ನಿಯಮ ಮಾಡಬಹುದಿತ್ತು. ಈಗ ಕ್ರೆಡಿಟ್ ಕಾರ್ಡಿನವರು ‘ಚಾರ್ಜ್‌ಬ್ಯಾಕ್’ ಅಂತಾರಲ್ಲ, ಅದರ ಮುತ್ತಜ್ಜ ಅನ್ನಿ. ನಾನು ಕಾಮರ್ಸ್ ಓದಿದವ, ಮೂರು ವರ್ಷದಾಗ ಇದನ್ನ ಒಬ್ಬರೂ ಹೇಳಿರಲಿಲ್ಲ ನೋಡ್ರಿ.

ಅಲ್ಲಿಂದ ಸೀದಾ 2010ಕ್ಕೆ ಬರೋಣ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತಾ ಶುರುವಾದ ಫ್ಲಿಪ್‌ಕಾರ್ಟ್ ಆ ವರ್ಷ ಕ್ಯಾಶ್ ಆನ್ ಡೆಲಿವರಿ ತಂತು. ಎಲ್ಲರೂ ಅದನ್ನ ಹೊಸ ಐಡಿಯಾ ಅಂದ್ರು. ನನಗೆ ಅದು ಟೀ-ಶರ್ಟ್ ಹಾಕ್ಕೊಂಡ ವಿ.ಪಿ.ಪಿ. ಮನೆಗೆ ಬಂದ ಮೇಲೆ ದುಡ್ಡು, ನಡುವೆ ಒಬ್ಬ ಮಧ್ಯಸ್ಥ. ಲೆಕ್ಕ ಅದೇ.

ಹಂಗಾದ್ರ ನನ್ನಂಥವರು ಇವತ್ತು ಯಾಕ ಮೊದಲೇ ದುಡ್ಡು ಕೊಡ್ತೀವಿ? ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಯಾಕಂದ್ರ ತಪ್ಪು ಬರೇ ಮೋಸಗಾರರದ್ದಲ್ಲ. 2020ರ ಫೆಬ್ರುವರಿ ಬಜೆಟ್‌ನಲ್ಲಿ ಆಟಿಕೆಗಳ ಆಮದು ಸುಂಕ 20ರಿಂದ 60 ಪರ್ಸೆಂಟ್‌ಗೆ ಏರಿತು. 2023ರಲ್ಲಿ 70 ಆಯಿತು. ನಡುವೆ 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯ. ಮಕ್ಕಳ ಸುರಕ್ಷತೆ, ದೇಶಿ ತಯಾರಕರಿಗೆ ಬಲ, ಇವೆಲ್ಲ ಸರಿ. ಆದರೆ ವಿದೇಶಿ ಮಾಡಲ್ ಹುಡುಕುವವರಿಗೆ ಮಾಲು ಕಡಿಮೆ ಆಯಿತು, ರೇಟು ಏರಿತು. ಆ ಸಂದಿಯೊಳಗೆ ಹುಟ್ಟಿದ್ದು ಈ ಪ್ರೀ-ಆರ್ಡರ್ ಪೇಜುಗಳು ಅಂತ ನನ್ನ ಅನಿಸಿಕೆ. ಅಂಗಡಿ ಇಲ್ಲ, ಬಿಲ್ ಇಲ್ಲ, ‘ಸ್ಲಾಟ್ ಎರಡೇ ಉಳಿದಾವ’ ಅನ್ನೋ ಸ್ಟೋರಿ ಮಾತ್ರ. ಇದರ ಮೇಲೆ 2016ರಲ್ಲಿ ಬಂದ ಯು.ಪಿ.ಐ. ದುಡ್ಡು ಎರಡು ಸೆಕೆಂಡಿಗೆ ಹೋಗ್ತದ, ನಡುವೆ ಹಿಡಿದು ನಿಲ್ಲೋ ಅಂಚೆಯವನು ಇಲ್ಲ. ಸರಿಯಾಗಿ ಮಾಲು ಕಳಿಸೋ ಪೇಜುಗಳೂ ಅದಾವ, ನನ್ನ ಕಪಾಟಿನ ಅರ್ಧ ಅವರದ್ದೇ. ಆದ್ರ ಒಳ್ಳೆಯವರೂ ಕೆಟ್ಟವರೂ ಹೊರಗಿಂದ ಒಂದೇ ಥರ ಕಾಣ್ತಾರ: ಒಂದು ಲೋಗೋ, ಒಂದು ಇಂಗ್ಲಿಷ್ ಬಿರುದು. ಹೆಸರಿಲ್ಲ.

ಹೆಸರು ಅಂದಾಗ ಮಸ್ಕಿಗೆ ಹೋಗಲೇಬೇಕು.

ಶಾಲೆಯಲ್ಲಿ ಕೇಳೇ ಇರ್ತೀರಿ. ದೇಶದ ಎಲ್ಲೆಲ್ಲೋ ಬಂಡೆಗಳ ಮೇಲೆ ಒಬ್ಬ ರಾಜನ ಶಾಸನಗಳಿದ್ದವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದಾಗ ಸಿಕ್ಕಿದ್ದು ‘ದೇವಾನಂಪಿಯ’, ‘ಪಿಯದಸಿ’. ಬರೀ ಬಿರುದುಗಳು, ಈಗಿನ ಭಾಷೆಯೊಳಗ ಯೂಸರ್‌ನೇಮ್. ಶ್ರೀಲಂಕಾದ ಬೌದ್ಧ ಗ್ರಂಥಗಳನ್ನು ನೋಡಿ ಜಾರ್ಜ್ ಟರ್ನರ್ ಈತ ಅಶೋಕ ಅಂತ ಹೇಳಿದ್ದ. ಆದರೆ ಬಂಡೆ ಮೇಲೆ ಆ ಹೆಸರು ಕಂಡಿರಲಿಲ್ಲ. 1915ರಲ್ಲಿ ನಿಜಾಮ್ ಸರ್ಕಾರದ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಒಂದು ಬಂಡೆಗಲ್ಲಿನ ಶಾಸನ ನೋಡಿದ. ಅದರಲ್ಲಿ ಬಿರುದಿನ ಪಕ್ಕದಲ್ಲೇ ಹೆಸರಿತ್ತು: ಅಸೋಕ. ಆಮೇಲೆ ತುಂಗಭದ್ರೆಯ ಆಚೆ ದಡದ ಸಿರುಗುಪ್ಪ ಕಡೆಯ ನಿಟ್ಟೂರು, ಉಡೇಗೋಳದಲ್ಲೂ ಆ ಹೆಸರು ಸಿಕ್ಕಿತು. ಬಿರುದಿನ ಹಿಂದೆ ಯಾರಿದ್ದಾರೆ ಅಂತ ಖಾತ್ರಿಯಾಗಲು 78 ವರ್ಷ ಬೇಕಾಯಿತು.

ನಮಗೆ ಅಷ್ಟು ಟೈಮ್ ಬೇಕಾಗಿಲ್ಲ. ಯು.ಪಿ.ಐ.ನಲ್ಲಿ ದುಡ್ಡು ಕಳಿಸೋ ಮುಂಚೆ ಬ್ಯಾಂಕಿನಲ್ಲಿರುವ ಹೆಸರು ಸ್ಕ್ರೀನ್ ಮೇಲೆ ಬರ್ತದ. ನನಗೂ ಬಂದಿತ್ತು. ಪೇಜಿನವರು ಚಾಟ್‌ನಲ್ಲಿ ಹೇಳಿಕೊಂಡ ಹೆಸರೇ ಬೇರೆ, ಅಲ್ಲಿ ಕಂಡ ಹೆಸರೇ ಬೇರೆ. ನೋಡಿದೆ, ಆದ್ರೂ ಪಿನ್ ಒತ್ತಿದೆ.

ಕಾಯ್ದೆಯೂ ಇದೇ ಹೆಸರನ್ನು ಕೇಳ್ತದ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ವ್ಯಾಪಾರ ಮಾಡುವ ಸಂಸ್ಥೆ ತನ್ನ ಕಾನೂನುಬದ್ಧ ಹೆಸರು, ವಿಳಾಸ, ದೂರು ಅಧಿಕಾರಿಯ ವಿವರ ತೋರಿಸಬೇಕು. ದೂರು ಮುಟ್ಟಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ತನ್ನ ಹಳೇ ಕಾರು ಅಪರೂಪಕ್ಕೊಮ್ಮೆ ಮಾರುವವನಿಗೆ ಇದು ಅನ್ವಯಿಸೋದಿಲ್ಲ. ಅದಕ್ಕೇ ಎಷ್ಟೋ ಜನ ತಿಂಗಳಿಗೆ ನೂರು ಕಾರು ಮಾರಿದ್ರೂ ‘ನಾನು ಬರೇ ಕಲೆಕ್ಟರ್ ಭಾಯ್’ ಅಂತಾರ.

ಇನ್ನೊಂದು ಬದಲಾವಣೆ ನಮ್ಮಂಥ ಊರಿನವರಿಗೆ ಭಾಳ ದೊಡ್ಡದು. 1986ರ ಗ್ರಾಹಕ ಕಾಯ್ದೆಯಲ್ಲಿ ಎದುರು ಪಾರ್ಟಿ ಇರುವ ಕಡೆ ಅಥವಾ ವ್ಯವಹಾರ ನಡೆದ ಕಡೆ ದೂರು ಹಾಕಬೇಕಿತ್ತು. ಮುಂಬೈ ವ್ಯಾಪಾರಿ ಮೇಲೆ ಸಾವಿರ ರೂಪಾಯಿಗೆ ಮಸ್ಕಿಯಿಂದ ಯಾರು ಓಡಾಡ್ತಾರ? 2019ರ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು, ಅಂದರೆ ರಾಯಚೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲಿ. 5 ಲಕ್ಷದ ತನಕ ಫೀ ಇಲ್ಲ. ಅದಕ್ಕೂ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು. ಆ ನಂಬರ್ ಯಾವುದು ಗೊತ್ತಾ? 1915. ಮಸ್ಕಿ ಶಾಸನ ಸಿಕ್ಕ ವರ್ಷ! ಯಾರೂ ಬೇಕಂತ ಇಟ್ಟದ್ದಲ್ಲ, ಆದ್ರ ನಮ್ಮ ಕಡೆಯವರು ಮರೆಯೋಂಗಿಲ್ಲ ಬಿಡ್ರಿ. ಪಕ್ಕಾ ವಂಚನೆ ಅನಿಸಿದರೆ ಸೈಬರ್ ಕ್ರೈಮ್‌ನ 1930ಕ್ಕೆ ಫೋನ್ ಮಾಡಬೇಕು. ಎಷ್ಟು ಬೇಗ ಮಾಡ್ತೀರೋ ಅಷ್ಟು ಒಳ್ಳೇದು, ದುಡ್ಡು ಇನ್ನೂ ಖಾತೆಯೊಳಗಿದ್ರ ತಡೆಹಿಡಿಯೋಕೆ ಆಗ್ತದ.

ನಾನು ಆರು ತಿಂಗಳು ಬಿಟ್ಟು ಮಾಡಿದೆ. ಖಾತೆ ಖಾಲಿ ಇತ್ತು, ನನ್ನ 1,850 ಇನ್ನೂ ಬಂದಿಲ್ಲ. ದೋಸ್ತ ಮಾತ್ರ ಪಾರ್ಸೆಲ್ ಬಿಚ್ಚುವಾಗಲೇ ವಿಡಿಯೋ ಮಾಡಿದ್ದ. ಅದನ್ನ ಮಾರಿದವನಿಗೆ ಕಳಿಸಿ, 1915ಕ್ಕೆ ಹಾಕ್ತೀನಿ ಅಂದ. ನಾಲ್ಕನೇ ದಿನಕ್ಕೆ ಪೂರ್ತಿ ದುಡ್ಡು ವಾಪಸ್ ಬಂತು. ಬಣ್ಣ ಬಳಿದ ಆ ಕಾರು ಈಗ ಅವನ ಮಗಳ ಕೈಯಾಗ ಅದ, ಬಾಗಿಲು ಆಗಲೇ ಕಿತ್ತಾಳ.