ಹತ್ತು ಪೌಂಡಿನ ಜೌಗು, ಸಾಸಿವೆಯಷ್ಟು ಜೇಡ

1899ರಲ್ಲಿ ಇಂಗ್ಲೆಂಡಿನ ನ್ಯಾಷನಲ್ ಟ್ರಸ್ಟ್ ಹತ್ತು ಪೌಂಡ್ ಕೊಟ್ಟು ಎರಡು ಎಕರೆ ಜೌಗು ನೆಲ ಕೊಂಡಿತು. ಕೇಂಬ್ರಿಡ್ಜ್ ಹತ್ತಿರದ ವಿಕೆನ್ ಫೆನ್ ಅನ್ನೋ ಜಾಗ. ಇದ್ದದ್ದು ಜೊಂಡು, ಕೆಸರು, ಹುಳು ಹುಪ್ಪಟೆ. ಇವತ್ತಾಗಿದ್ದರೆ ಬ್ರೋಷರ್‌ನಲ್ಲಿ 'ಲೇಕ್ ವ್ಯೂ' ಅಂತ ಬರೆದು ಮಾರಿಬಿಡುತ್ತಿದ್ದರು.

ಸುತ್ತಲಿನ ಜೌಗೆಲ್ಲ ಅಷ್ಟೊತ್ತಿಗೆ ಹೆಚ್ಚುಕಮ್ಮಿ ಮುಗಿದೇ ಹೋಗಿತ್ತು. 17ನೇ ಶತಮಾನದಲ್ಲಿ ಜಮೀನ್ದಾರರು ವರ್ಮೈಡನ್ ಎಂಬ ಡಚ್ ಎಂಜಿನಿಯರನ್ನು ಕರೆಸಿ ಕಾಲುವೆ ತೋಡಿಸಿ ನೀರು ಬಸಿಯಲು ಶುರುಮಾಡಿದ್ದರು. ನೀರು ಹೋದ ಪೀಟ್ ಮಣ್ಣು ಒಣಗಿ ಕುಗ್ಗುತ್ತದೆ. ಹೋಮ್ ಫೆನ್‌ನಲ್ಲಿ 1851ರಲ್ಲಿ ನೆಲದ ಮಟ್ಟಕ್ಕೆ ಹೂತಿದ್ದ ಕಬ್ಬಿಣದ ಕಂಬ ಈಗ ಸುಮಾರು ನಾಲ್ಕು ಮೀಟರ್ ಮೇಲೆ ನಿಂತಿದೆ. ಕಂಬ ಬೆಳೆಯಲಿಲ್ಲ, ನೆಲವೇ ಇಳಿಯಿತು.

ವಿಕೆನ್ ಉಳಿದದ್ದಕ್ಕೆ ಊರವರ ಸ್ವಾರ್ಥವೂ ಕಾರಣ: ಮಾಡಿಗೆ ಹೊದಿಸಲು ಜೇಕು, ಒಲೆಗೆ ಪೀಟ್ ಬೇಕಿತ್ತು. ಜೊತೆಗೆ ಹುಳು ಸಂಗ್ರಹಿಸುವ ಹುಚ್ಚರಿದ್ದರು. ಕೇಂಬ್ರಿಡ್ಜಿನಲ್ಲಿ ಓದುತ್ತಿದ್ದ ಡಾರ್ವಿನ್, ಫೆನ್‌ಗಳಿಂದ ಜೊಂಡು ತರುವ ದೋಣಿಗಳ ತಳದ ಕಸ ಬಳಿದು ತರಲು ಆಳನ್ನೇ ಇಟ್ಟಿದ್ದನಂತೆ, ಜೀರುಂಡೆ ಸಿಗಲಿ ಅಂತ!

ನನಗೆ ಆಸಕ್ತಿ ಹುಟ್ಟಿಸಿದವನು ಮಾತ್ರ ಯಾರ್ಕ್‌ಷೈರ್‌ನ ವಿಲಿಯಂ ಫಾಲ್ಕನರ್. 1912ರಲ್ಲಿ 'ದಿ ನ್ಯಾಚುರಲಿಸ್ಟ್' ಪತ್ರಿಕೆಯಲ್ಲಿ ವಿಕೆನ್‌ನ ಜೇಡಗಳ ಬಗ್ಗೆ ಬರೆದ. ಅದರಲ್ಲೊಂದು ಹೊಸ ಜಿಗಿಯುವ ಜೇಡ: ನಿಯಾನ್ ವ್ಯಾಲೆಂಟ್ಯುಲಸ್. ಲ್ಯಾಟಿನ್‌ನಲ್ಲಿ 'ಪುಟ್ಟ ಗಟ್ಟಿಗ' ಅಂದ ಹಾಗೆ. ಗಾತ್ರ ಎರಡು ಮೂರು ಮಿಲಿಮೀಟರ್.

ಇದೇ ಕುಲದ ನಿಯಾನ್ ರೆಟಿಕ್ಯುಲೇಟಸ್‌ಗೆ 1853ರಲ್ಲೇ ಬ್ಲಾಕ್‌ವಾಲ್ ಹೆಸರಿಟ್ಟಾಗಿತ್ತು. ತರಗೆಲೆ, ಪಾಚಿಯಲ್ಲಿ ಬೇಕಾದಷ್ಟು ಸಿಗುತ್ತದೆ. ಬರಿಗಣ್ಣಿಗೆ ಎರಡೂ ಒಂದೇ ಕಂದು ಚುಕ್ಕಿ. ಬೇರೆ ಅಂತ ಗುರುತಿಸಲು ಬಲಿತ ಜೇಡವನ್ನು ಸೂಕ್ಷ್ಮದರ್ಶಕದಡಿ ಇಟ್ಟು ಗಂಡಿನ ಬಾಯಿಯ ಪಕ್ಕದ ಪುಟ್ಟ ಕೈಗಳನ್ನು, ಅಂದರೆ ವೀರ್ಯ ದಾಟಿಸುವ ಅಂಗವನ್ನು, ನೋಡಬೇಕು. ಹೆಣ್ಣಿನಲ್ಲಿ ಹೊಟ್ಟೆಯಡಿಯ ಜನನಾಂಗದ ಫಲಕ. ಮರಿಯಾದರೆ ಇವೆರಡೂ ರೂಪುಗೊಂಡಿರುವುದೇ ಇಲ್ಲ. ಫೋಟೋ ತೆಗೆದು ಆ್ಯಪ್‌ಗೆ ಹಾಕಿ ಎರಡು ಸೆಕೆಂಡಿನಲ್ಲಿ ಹೆಸರು ಕೇಳೋ ನಮಗೆ ಈ ತಾಳ್ಮೆ ಕಷ್ಟವೇ. ಹೆಸರು ಕೊಡಬೇಕಾದರೆ ಮೊದಲು ಅದನ್ನು ಕೊಲ್ಲಬೇಕು ಅನ್ನೋದೂ ನನಗೆ ಸುಲಭವಾಗಿ ಜೀರ್ಣವಾಗುವುದಿಲ್ಲ. ಆದರೆ ಹಾಗೆ ನೋಡದಿದ್ದರೆ ಇದು ಎಲ್ಲ ಕಡೆ ಸಿಗುವ ಮಾಮೂಲಿ ಜೇಡದ ಲೆಕ್ಕಕ್ಕೇ ಸೇರುತ್ತಿತ್ತು. ಮಾಮೂಲಿ ಜೇಡಕ್ಕಾಗಿ ಯಾರು ಜೌಗು ಕಾಯುತ್ತಾರೆ?

ಆಮೇಲೆ ಯುರೋಪಿನ ಬೇರೆಡೆಯೂ ಇದು ಸಿಕ್ಕಿತು. ಬ್ರಿಟನ್‌ನಲ್ಲಿ ಮಾತ್ರ ಪೂರ್ವ ಆಂಗ್ಲಿಯಾದ ಕೆಲವೇ ಜೌಗುಗಳ ಪ್ರಾಣಿ. ಜೌಗು ಒಣಗಿದರೆ ಅದಕ್ಕೆ ಹೋಗಲು ಬೇರೆ ಜಾಗ ಇಲ್ಲ. ಉಳಿಸಿಕೊಂಡ ಮೇಲೂ ವಿಕೆನ್ ಎಲ್ಲವನ್ನೂ ಉಳಿಸಿಕೊಳ್ಳಲಿಲ್ಲ. 1950ರ ದಶಕದ ಆರಂಭದಲ್ಲಿ ಅಲ್ಲಿನ ಸ್ವಾಲೋಟೇಲ್ ಚಿಟ್ಟೆ ಮಾಯವಾಯಿತು.

ಸುತ್ತಲಿನ ಹೊಲಗಳು ಕುಸಿದಿರುವುದರಿಂದ ಈಗ ಜೌಗೇ ಎತ್ತರದಲ್ಲಿದೆ, ನೀರು ನಿಲ್ಲೋದಿಲ್ಲ. ಪಕ್ಕದ ಅಡ್ವೆಂಚರರ್ಸ್ ಫೆನ್‌ನಲ್ಲಿ ನೀರು ಹೊರಹಾಕುತ್ತಿದ್ದ ಮರದ ಗಾಳಿಯಂತ್ರವೊಂದನ್ನು 1956ರಲ್ಲಿ ಇಲ್ಲಿಗೆ ತಂದು ನಿಲ್ಲಿಸಿದರು. ಅದರ ಕೆಲಸ ಈಗ ಉಲ್ಟಾ: ನೀರನ್ನು ಮೇಲೆತ್ತಿ ಜೌಗಿಗೆ ತುಂಬುವುದು.