ಟಿನ್ಸ್‌ಲಿ ದಿಬ್ಬದ ಮೂರು ಜೋಡಿಗಳು

ಇಂಗ್ಲೆಂಡಿನ ಶೆಫೀಲ್ಡ್ ಉಕ್ಕನ್ನೇ ನಂಬಿ ಬಾಳಿದ ಊರು. ಡಾನ್ ನದಿಯ ಕಣಿವೆಯ ಉದ್ದಕ್ಕೂ ಸಾಲುಗಟ್ಟಿದ್ದ ಕುಲುಮೆಗಳಿಗೆ ಕಲ್ಲಿದ್ದಲೂ ಕಬ್ಬಿಣವೂ ಬರಬೇಕು, ಕಾದು ಬಡಿಸಿಕೊಂಡ ಉಕ್ಕು ದೇಶದ ನಾಲ್ಕು ದಿಕ್ಕಿಗೂ ಹೊರಡಬೇಕು. ಆ ಸರಕಿನ ಭಾರವನ್ನು ಬಹುಕಾಲ ವ್ಯಾಗನ್ನುಗಳನ್ನು ವಿಂಗಡಿಸುವ ಸುತ್ತಮುತ್ತಲ ಸಣ್ಣಪುಟ್ಟ ಯಾರ್ಡುಗಳೇ ಹಂಚಿಕೊಂಡು ಹೊತ್ತವು. 1960ರ ದಶಕದಲ್ಲಿ ಬ್ರಿಟಿಷ್ ರೈಲ್ವೆ ಆ ಕೆಲಸವನ್ನೆಲ್ಲ ಒಂದೆಡೆ ಕೂಡಿಸಲು ನಿಶ್ಚಯಿಸಿ, ಟಿನ್ಸ್‌ಲಿಯ ಗುಡ್ಡದ ಓರೆಯಲ್ಲಿ ಮಹಾ ಯಾರ್ಡೊಂದನ್ನು ಕಟ್ಟಿಸಿತು. 1965ರ ಅಕ್ಟೋಬರ್ 29ರಂದು ಅದನ್ನು ತೆರೆದವರು ಬ್ರಿಟಿಷ್ ರೈಲ್ವೆಯ ಮುಖ್ಯಸ್ಥರಾಗಿದ್ದ ರಿಚರ್ಡ್ ಬೀಚಿಂಗ್. 1963ರ ತಮ್ಮ ವರದಿಯಲ್ಲಿ ಸಾವಿರಾರು ಮೈಲಿ ಹಳಿಯನ್ನು ಮುಚ್ಚಲು ಹೇಳಿದವರೇ ಈ ಯಾರ್ಡನ್ನು ತೆರೆಯಲು ಬಂದರು. ಅದರ ಮೇಲೆ ಆ ಕಾಲ ಇಟ್ಟಿದ್ದ ಭರವಸೆ ಅಂಥದು.

ಯಾರ್ಡಿನ ಜೀವ ಇದ್ದದ್ದು ಅದರ ದಿಬ್ಬದಲ್ಲಿ. ಬಂದ ಗೂಡ್ಸ್ ಗಾಡಿಯನ್ನು ಹಿಂದಿನಿಂದ ತಳ್ಳಿ ದಿಬ್ಬಕ್ಕೆ ಏರಿಸುವುದು, ಅಷ್ಟರಲ್ಲಿ ಕೊಂಡಿ ಕಳಚಿಕೊಂಡ ವ್ಯಾಗನ್ನುಗಳು ನೆತ್ತಿ ದಾಟಿ ತಮ್ಮ ತೂಕದಿಂದಲೇ ಆಚೆಗಿಳಿದು ಗೊತ್ತಾದ ಹಳಿಗೆ ಹೋಗಿ ನಿಲ್ಲುವುದು: ಇದು ಅಲ್ಲಿನ ಕ್ರಮ. ಇಳಿಯುವ ವ್ಯಾಗನ್ನಿನ ವೇಗವನ್ನು ಹದದಲ್ಲಿಡಲು ಡೌಟಿ ಕಂಪನಿಯ ಸಾಧನಗಳನ್ನು ಹಳಿಗಳ ಒಳಮಗ್ಗುಲಿಗೆ ಸಾವಿರಗಟ್ಟಲೆ ಜೋಡಿಸಿದ್ದರು. ಒಳಗೆ ಎಣ್ಣೆಯ ಒತ್ತಡವಿದ್ದ ಸಣ್ಣ ಕೊಳವೆಗಳು ಅವು. ಚಕ್ರ ಅತಿವೇಗದಲ್ಲಿ ಬಂದರೆ ತಡೆಯುವವು, ನಿಧಾನವಾದರೆ ನೂಕುವವು. ಆ ಕಾಲಕ್ಕೆ ಇದೊಂದು ಅದ್ಭುತವೇ ಸರಿ.

ಆದರೆ ಏರಿಸುವ ಕೆಲಸವನ್ನು ಯಾವ ಕೊಳವೆಯೂ ಮಾಡಲಾರದು. ಅದು ಎಂಜಿನ್ನಿನ ಪಾಲು, ಮತ್ತು ವ್ಯಾಗನ್ನುಗಳನ್ನು ಹಳಿಯಿಂದ ಹಳಿಗೆ ಸರಿಸುವ ಶಂಟಿಂಗಿನಲ್ಲಿ ಅದಕ್ಕಿಂತ ಕಠಿಣವಾದುದು ಕಡಮೆ. ವೇಗ ನಡಿಗೆಯಷ್ಟೇ ಇರಬೇಕು, ಹೆಚ್ಚುಕಡಮೆಯಾಗಬಾರದು. ಇಡೀ ಗಾಡಿಯ ಭಾರ ಏರಿನಲ್ಲಿ ಎಂಜಿನ್ನಿಗೇ ಒರಗಿ ನಿಂತಿರುತ್ತದೆ. ಚಕ್ರ ಒಮ್ಮೆ ಜಾರಿತೋ, ಹಿಂದೆ ಕಾದ ಗಾಡಿಗಳೆಲ್ಲ ನಿಂತವು. ಬ್ರಿಟಿಷ್ ರೈಲ್ವೆಯ ಬಳಿ ಇದ್ದ ಶಂಟರ್, ಮುಂದೆ ಕ್ಲಾಸ್ 08 ಎಂದು ಹೆಸರಾದ ಆರು ಚಕ್ರದ 350 ಅಶ್ವಶಕ್ತಿಯ ಡೀಸೆಲ್ ಎಂಜಿನ್, ಬಹಳ ನೆಚ್ಚಿಕೆಯದು. 1952ರಿಂದ 1962ರವರೆಗೆ ಅಂಥವು 996 ತಯಾರಾಗಿದ್ದವು. ಟಿನ್ಸ್‌ಲಿಯ ಏರಿಗೆ ಮಾತ್ರ ಒಂದು ಸಾಲದು.

ಅಮೆರಿಕದಲ್ಲಿ ಇದಕ್ಕೆ ದಾರಿ ಮೊದಲೇ ಆಗಿತ್ತು. ಜನರಲ್ ಮೋಟಾರ್ಸ್‌ನವರು 1941ರಲ್ಲಿಯೇ ಇಲಿನಾಯ್ ಸೆಂಟ್ರಲ್ ರೈಲ್ವೆಗೆ ಚಾಲಕ ಕೂರುವ ಕ್ಯಾಬ್ ಉಳ್ಳ ಎಂಜಿನ್ನಿಗೆ ಕ್ಯಾಬ್ ಇಲ್ಲದ ಇನ್ನೊಂದನ್ನು ಕೂಡಿಸಿ ಕೊಟ್ಟಿದ್ದರು. ರೈಲ್ವೆಯ ಜನ ಅಂಥ ಜೋಡಿಯನ್ನು ಹಸು–ಕರು ಎಂದು ಕರೆದರು. ಬ್ರಿಟನ್ನು ಹೊಸದನ್ನು ಕಟ್ಟಿಸಲಿಲ್ಲ. 1965ರಲ್ಲಿ ಆರು ಶಂಟರುಗಳನ್ನು ಡಾರ್ಲಿಂಗ್ಟನ್ ಕಾರ್ಖಾನೆಗೆ ತರಿಸಿ ಮೂರು ಜೋಡಿ ಮಾಡಿಸಿತು. ಜೋಡಿಯಲ್ಲಿ ಒಂದರ ಕ್ಯಾಬನ್ನು ಕಿತ್ತು ತೆಗೆದು, ಅದರ ಹಿಡಿತವನ್ನೆಲ್ಲ ಇನ್ನೊಂದರ ಚಾಲಕನ ಕೈಗೆ ಕೊಟ್ಟರು. ಇಬ್ಬರು ಚಾಲಕರು ಎರಡು ಎಂಜಿನ್ನುಗಳಲ್ಲಿ ಕುಳಿತು ತಳ್ಳಿದರೆ ಹೊಂದಾಣಿಕೆ ತಪ್ಪುವುದುಂಟು. ಇಲ್ಲಿ ಒಬ್ಬನೇ ಚಾಲಕ, ಒಂದೇ ಸಮನಾದ ಬಲ. ಚಕ್ರಗಳು ಹಳಿಯನ್ನು ಬಿಗಿಯಾಗಿ ಕಚ್ಚಲೆಂದು ಎಂಜಿನ್ನಿನ ತುದಿಯ ಬಫರ್ ತೊಲೆಗಳಿಗೆ ದಪ್ಪ ಉಕ್ಕಿನ ಹಲಗೆ ಸೇರಿಸಿ ತೂಕವನ್ನೂ ಏರಿಸಿದರು. ಅಷ್ಟೊಂದು ಯಂತ್ರಕೌಶಲ ಸುರಿದ ಯಾರ್ಡಿನ ಮೊದಲ ಹೆಜ್ಜೆಯೇ ಹಳೆಯ ಎಂಜಿನ್ನುಗಳ ಈ ಗಟ್ಟಿ ಬೆಸುಗೆಯ ಮೇಲೆ ನಿಂತಿತ್ತೆಂಬುದನ್ನು ಟಿನ್ಸ್‌ಲಿಯ ಕಥೆ ಹೇಳುವವರು ಮರೆಯಬಾರದು. ಕೆಲಸ ಮಾಡಿದ ಡಾರ್ಲಿಂಗ್ಟನ್ ಕಾರ್ಖಾನೆಯೂ 1863ರಿಂದ ರೈಲ್ವೆಗೆ ದುಡಿದದ್ದು. ಮರುವರ್ಷವೇ ಅದರ ಬಾಗಿಲು ಮುಚ್ಚಿತು.

ಜೋಡಿಗಳು ಡಿ4500, ಡಿ4501, ಡಿ4502 ಎಂಬ ಸಂಖ್ಯೆ ಹೊತ್ತು ದುಡಿಮೆಗೆ ಇಳಿದವು. 1970ರ ದಶಕದಲ್ಲಿ ಕಂಪ್ಯೂಟರ್ ಲೆಕ್ಕ ಬಂದಾಗ ಕ್ಲಾಸ್ 13 ಆದವು. ಸೊನ್ನೆಯಿಂದ ಎಣಿಕೆ ಆರಂಭಿಸುವ ಪದ್ಧತಿ ಅಲ್ಲಿ ಇರಲಿಲ್ಲವಾಗಿ, ಮೊದಲನೆಯದೇ 13003 ಎಂದು ಕೊನೆಗೆ ನಿಂತಿತು.

ಅವುಗಳ ಬಲ ಕುಂದಲಿಲ್ಲ. ಅವು ತಳ್ಳಬೇಕಿದ್ದ ಸರಕೇ ಕರಗಿತು. ಒಂದೊಂದು ವ್ಯಾಗನ್ನಿನಲ್ಲಿ ಒಬ್ಬೊಬ್ಬ ವ್ಯಾಪಾರಿಯ ಮಾಲು ಬರುತ್ತಿದ್ದ ಕಾಲ ಕಳೆದು, ಆ ಮಾಲು ಹತ್ತಿರದಲ್ಲೇ ಹಾದ ಎಂ1 ಹೆದ್ದಾರಿಯ ಲಾರಿಗಳಿಗೆ ಏರಿತು. ಇಡೀ ಗಾಡಿಯೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ನೇರ ಹೋಗುವಾಗ ದಿಬ್ಬದ ಮೇಲೆ ವಿಂಗಡಿಸಲು ಏನಿದೆ? 1981ರ ಜುಲೈನಲ್ಲಿ ಮ್ಯಾಂಚೆಸ್ಟರಿಗೆ ಹೋಗುತ್ತಿದ್ದ ವುಡ್‌ಹೆಡ್ ವಿದ್ಯುತ್ ಮಾರ್ಗ ಮುಚ್ಚಿತು. ಉಕ್ಕಿನ ಕುಲುಮೆಗಳೂ ಒಂದೊಂದಾಗಿ ಆರಿದವು. ದಿಬ್ಬದ ಕೆಲಸ ನಿಂತ ಮೇಲೆ 1985ರಲ್ಲಿ ಉಳಿದಿದ್ದ ಜೋಡಿಗಳೂ ಸೇವೆಯಿಂದ ಹೊರಬಿದ್ದವು.

ಒಂಟಿ 08 ಎಂಜಿನ್ನುಗಳನ್ನು ಬ್ರಿಟನ್ನಿನ ರೈಲುಪ್ರಿಯರು ಹತ್ತಾರು ಸಂಖ್ಯೆಯಲ್ಲಿ ಕಾಪಾಡಿಕೊಂಡಿದ್ದಾರೆ, ಕೆಲವು ಇಂದಿಗೂ ದುಡಿಯುತ್ತಿವೆ. ಟಿನ್ಸ್‌ಲಿಗಾಗಿಯೇ ಕೂಡಿಸಿದ ಮೂರು ಜೋಡಿಗಳು ಮಾತ್ರ ಗುಜರಿಗೆ ಹೋದವು. ಮುಂಬರುವವರು ನೋಡಿ ತಿಳಿಯಲು ಒಂದನ್ನಾದರೂ ಉಳಿಸಬೇಕಿತ್ತು, ಉಳಿಸಲಿಲ್ಲ.